ಲಿಫ್ಟ್ ಸಾಹೇಬರ ನೀರಿನ ಕಂಪ್ಯೂಟರ್

"ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಯಾವ ಯಂತ್ರದ ಮುಂದೆಯೂ ಕೈಕಟ್ಟಿ ಕೂರಬೇಕಾಗಿಲ್ಲ!"

ಭಾನುವಾರ ಬೆಳಿಗ್ಗೆ ಲಿಫ್ಟ್ ಸಾಹೇಬರು ಕಾಫಿ ಲೋಟ ಮೇಲೆತ್ತಿ ಹೀಗೆ ಘೋಷಿಸಿದಾಗ ಸಭೆಯಲ್ಲಿ ಇದ್ದದ್ದು ಇಬ್ಬರೇ. ಒಬ್ಬಳು ಅವರ ಹೆಂಡತಿ, ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತಿದ್ದಳು. ಇನ್ನೊಬ್ಬರು ಅವರ ಅತ್ತೆ. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿ ಜೀವಮಾನವೆಲ್ಲ ದುಡಿದು ನಿವೃತ್ತರಾಗಿ ಮಗಳ ಮನೆಗೆ ಬಂದಿದ್ದರು. ನಿವೃತ್ತಿಯಾಗಿದ್ದು ಸಂಬಳಕ್ಕೆ ಮಾತ್ರ, ಅಭ್ಯಾಸಗಳಿಗೆ ಆಗಿರಲಿಲ್ಲ. ಕೋಣೆಯಿಂದ ಹೊರಗೆ ಹೋಗುವಾಗ ಗ್ಯಾಸು, ನಲ್ಲಿ, ದೀಪ ಎಲ್ಲವನ್ನೂ ಬಂದ್ ಮಾಡಿಯೇ ಹೋಗುವರು. ಹಿತ್ತಲಿನಲ್ಲಿ ಗಿಡಕ್ಕೆ ನೀರು ಬಿಡುವ ಪೈಪನ್ನು ಕೂಡ ಕೆಲಸ ಮುಗಿದ ಮೇಲೆ ಮಡಚಿ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಬಿಗಿದಿಡುವರು.

ಸಾಹೇಬರೆಂದರೆ ಸಾಮಾನ್ಯರಲ್ಲ, ಲಿಫ್ಟುಗಳ ತಪಾಸಣಾಧಿಕಾರಿ. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟಿನೊಳಗೆ 'ಆರು ಜನ ಮಾತ್ರ' ಎಂದು ಬರೆದ ಫಲಕದ ಕೆಳಗೆ ಗೀಚಿದ ಸಹಿ ಇರುತ್ತದಲ್ಲ, ಅದು ಅವರದು. ಏಳನೆಯವರು ಯಾರಾದರೂ ಒಳಗೆ ಕಾಲಿಟ್ಟರೆ ಸಾಕು, ಅದು ಮಂತ್ರಿಯೇ ಆಗಿರಲಿ, ಸಾಹೇಬರು ಬಾಗಿಲಿಗೆ ಅಡ್ಡ ನಿಂತು, "ಯಂತ್ರಕ್ಕೂ ಒಂದು ಮಿತಿ ಅಂತ ಇರುತ್ತೆ ಸ್ವಾಮಿ!" ಎಂದು ಕೆಳಗಿಳಿಸಿದ ಮೇಲೆಯೇ ಲಿಫ್ಟು ಮೇಲೇರುತ್ತಿತ್ತು. ಅಂಥ ಮಹಾಶಯರು ಮನೆಗೆ ಬಂದು ಮಾಡಹೊರಟಿದ್ದು ಏನನ್ನು? ಓವರ್‌ಕ್ಲಾಕಿಂಗ್! ಅಂದರೆ ಕಂಪ್ಯೂಟರಿನ ಮಿದುಳಾದ ಹಳೆಯ ಪ್ರೊಸೆಸರನ್ನು, ಅದನ್ನು ಹುಟ್ಟಿಸಿದವರು ಹಾಕಿದ ಮಿತಿ ದಾಟಿಸಿ, ಬೆನ್ನಿಗೆ ಬಿದ್ದು ಓಡಿಸುವುದು.

ಸಾಹೇಬರು ಆ ಪ್ರೊಸೆಸರಿಗೆ 'ಹಿರಿಯರು' ಎಂದು ಹೆಸರಿಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಕೊಂಡ ಕಂಪ್ಯೂಟರ್ ಅದು. ಸ್ವಿಚ್ ಒತ್ತಿದರೆ ಹಿರಿಯರು ಮೊದಲು ಕೆಮ್ಮಿ, ಕ್ಯಾಕರಿಸಿ, ಆಮೇಲೆ ಕಣ್ಣು ಬಿಡುತ್ತಿದ್ದರು. ಹೆಂಡತಿ ಮಾಡುತ್ತಿದ್ದದ್ದು ಮನೆಗಳ ಒಳಾಂಗಣ ವಿನ್ಯಾಸದ ಕೆಲಸ. ಕಂಪನಿಯ ನೌಕರಿ ಬಿಟ್ಟು ಸ್ವಂತವಾಗಿ ಹಿಡಿದ ಮೊಟ್ಟಮೊದಲ ಕೆಲಸ ಈಗ ಕೈಯಲ್ಲಿತ್ತು. ಅವಳು ಹೊರಡುವ ದಿನ ಕಂಪನಿಯ ಮಾಲೀಕ ನಗುನಗುತ್ತಲೇ, "ಬೇಗ ವಾಪಸ್ ಬರ್ತೀಯ ಬಿಡಮ್ಮ, ಕುರ್ಚಿ ಹಾಗೇ ಇಟ್ಟಿರ್ತೀನಿ" ಎಂದಿದ್ದ. ಆ ಮಾತು ಅವಳಿಗೆ ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ ನಡೆದಾಗಲೆಲ್ಲ ಚುಚ್ಚುತ್ತಿತ್ತು.

ಕೆಲಸ ಕೊಟ್ಟವರು ಡ್ರೈವಿಂಗ್ ಶಾಲೆ ನಡೆಸುವ ಮೇಡಂ. ಮಾತು ಖಡಕ್ಕು. "ನಂಗೆ ನಕ್ಷೆಗಿಕ್ಷೆ ಓದೋಕೆ ಬರಲ್ಲ. ಇಬ್ಬರು ಬಂದು ಗೆರೆ ತೋರಿಸಿದ್ರು, ಇಬ್ಬರನ್ನೂ ಕಳಿಸ್ದೆ. ನನ್ನ ಅಡುಗೆಮನೆ ಒಳಗೆ ನಾನು ನಡೆದಾಡಿದ ಹಾಗೆ ಅನ್ನಿಸ್ಬೇಕು. ಬುಧವಾರ ಮಧ್ಯಾಹ್ನ ಬರ್ತೀನಿ" ಎಂದು ಹೇಳಿ ಹೋಗಿದ್ದರು. ಅದಕ್ಕಾಗಿಯೇ ಅಡುಗೆಮನೆಯೊಳಗೆ ನಡೆದು ನೋಡಿದಂಥ ಒಂದು ವಿಡಿಯೊ ತಯಾರಾಗಬೇಕಿತ್ತು. ಹಿರಿಯರೋ, ಒಂದೊಂದು ಚಿತ್ರ ಬಿಡಿಸುವುದಕ್ಕೂ ಆಕಳಿಸುತ್ತಿದ್ದರು.

"ರೀ, ಬುಧವಾರದವರೆಗೆ ಅದನ್ನ ಮುಟ್ಟಬೇಡಿ. ನಿಧಾನ ಆದ್ರೂ ಪರವಾಗಿಲ್ಲ, ನಡೀತಿದೆಯಲ್ಲ" ಎಂದಳು ಹೆಂಡತಿ.

"ಮುಟ್ಟೋದೇ ಇಲ್ಲ ಕಣೇ. ಸುಮ್ಮನೆ ನೋಡ್ತೀನಿ."

ನೋಡುವುದಕ್ಕೆ ಸ್ಕ್ರೂಡ್ರೈವರ್ ಯಾಕೆ ಬೇಕು ಎಂದು ಅವಳು ಕೇಳುವಷ್ಟರಲ್ಲಿ ಕ್ಯಾಬಿನೆಟ್ಟಿನ ಮುಚ್ಚಳ ನೆಲಕ್ಕೆ ಬಂದಿತ್ತು.

ಒಳಗಿನ ಧೂಳು ಗುಡಿಸಿ, ಫ್ಯಾನು ಕಳಚಿ, ಶಾಖ ಸಾಗಿಸಲು ಮೆತ್ತಿದ್ದ ಹಳೆಯ ಪೇಸ್ಟನ್ನು ಹತ್ತಿಯಿಂದ ಒರೆಸಿದಾಗ ಸಾಹೇಬರು ಹಿರಿಯರನ್ನು ಮೊದಲ ಸಲ ಮುಖಾಮುಖಿ ಕಂಡರು. ಅವರ ಕೈ ಅಲ್ಲಿಯೇ ನಿಂತಿತು. ಇಷ್ಟೇನಾ! ಒಂದು ಬಿಸ್ಕತ್ತಿನಷ್ಟು ಅಗಲದ ಲೋಹದ ತುಂಡು. ಇಷ್ಟು ವರ್ಷ ಮನೆಯ ಫೋಟೊಗಳು, ಹೆಂಡತಿ ಬರೆದ ಸಾವಿರಾರು ಬಾಗಿಲು ಕಿಟಕಿಗಳು, ತಾವು ಕದ್ದು ಆಡಿದ ಇಸ್ಪೀಟಾಟ ಎಲ್ಲ ಹಾದುಹೋಗಿದ್ದು ಈ ತುಂಡಿನೊಳಗಿಂದಲೇ? ಕಣ್ಣು ಮಿಟುಕಿಸುವುದರೊಳಗೆ ಕೋಟಿಗಟ್ಟಲೆ ಲೆಕ್ಕ ಮಾಡಿಯೂ ಒಂದು ದಿನ ಸಂಬಳ ಕೇಳದ ಜೀವ! ಸಾಹೇಬರಿಗೆ ಮೈ ಜುಮ್ಮೆಂದಿತು. ತಮ್ಮ ಲಿಫ್ಟುಗಳೆಲ್ಲ ಇದರ ಮುಂದೆ ಬರೀ ಹಗ್ಗ ಕಟ್ಟಿದ ಪೆಟ್ಟಿಗೆಗಳು ಎನಿಸಿತು.

"ಅತ್ತೆ, ಬನ್ನಿ ನೋಡಿ" ಎಂದು ಕರೆದರು.

ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಪೇಷಂಟು ಇದೇನಾ? ಪಾಪ, ಎಷ್ಟು ಸಣ್ಣದಿದೆ. ಏನು ಮಾಡ್ತೀರ ಅಳಿಯಂದ್ರೇ ಇದಕ್ಕೆ?"

"ವೇಗ ಹೆಚ್ಚಿಸ್ತೀನಿ, ಅತ್ತೆ. ಸ್ವಲ್ಪ ಕರೆಂಟು ಜಾಸ್ತಿ ಕುಡಿಸಿ, ಜಾಸ್ತಿ ಓಡಿಸೋದು."

"ಲಿಫ್ಟಿಗೆ ಏಳನೆಯವನು ಹತ್ತಿದ್ರೆ ಕುತ್ತಿಗೆ ಹಿಡಿದು ಇಳಿಸ್ತೀರ. ಇದರ ಮೇಲೆ ಮಾತ್ರ ಊರಿಗೆ ಊರನ್ನೇ ಹತ್ತಿಸ್ತೀರಾ?"

ಸಾಹೇಬರು ಗಂಟಲು ಸರಿಮಾಡಿಕೊಂಡರು. ಪೇಸ್ಟಿನ ಟ್ಯೂಬು ಕೈಗೆತ್ತಿಕೊಂಡರು.

ಹೊಸ ಪೇಸ್ಟು ಹಚ್ಚಿ, ಫ್ಯಾನು ಕೂರಿಸಿ, ಯಂತ್ರ ಏಳುವ ಮುನ್ನ ಕಾಣುವ ನೀಲಿ ಪರದೆಯೊಳಗೆ ಹೊಕ್ಕರು. ಅಲ್ಲಿ ವೇಗದ ಅಂಕಿಯನ್ನು ಒಂದು ಮೆಟ್ಟಿಲು ಏರಿಸಿದರು. ಹಿರಿಯರು ಎದ್ದರು. ಇನ್ನೊಂದು ಮೆಟ್ಟಿಲು. ಎದ್ದರು! ಇನ್ನೊಂದು. ಪರದೆ ಕಪ್ಪಾಯಿತು. ಸಾಹೇಬರ ಎದೆ ಧಸಕ್ಕೆಂದಿತು. ಸ್ವಲ್ಪ ಹಿಂದಕ್ಕೆ ಬಂದು, ಹದ ನೋಡಿ, ಮತ್ತೆ ಸ್ವಿಚ್ಚು ಒತ್ತಿದರು. ಆಗ ನಡೆದದ್ದನ್ನು ಅವರು ಮುಂದೆ ಆಫೀಸಿನಲ್ಲಿ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಕೆಮ್ಮಿಲ್ಲ, ಕ್ಯಾಕರಿಕೆಯಿಲ್ಲ, ಹಿರಿಯರು ಹರೆಯದ ಹುಡುಗನ ಹಾಗೆ ಎದ್ದು ಕೂತರು. ಹೆಂಡತಿ ಒಂದು ಕಪಾಟು ಬಿಡಿಸಲು ಹೇಳಿದಳು. ಹಿಂದೆಲ್ಲ ಅವಳು ಅಷ್ಟರಲ್ಲಿ ತರಕಾರಿ ಹೆಚ್ಚಿ ಮುಗಿಸುತ್ತಿದ್ದಳು. ಈಗ ಚಾಕು ಹುಡುಕುವಷ್ಟರಲ್ಲಿ ಕಪಾಟು ಮರದ ಗೆರೆಗೆರೆಯ ಸಮೇತ ಕಣ್ಣ ಮುಂದಿತ್ತು.

"ಅಯ್ಯಪ್ಪಾ!" ಎಂದಳು ಹೆಂಡತಿ. ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತೇಬಿಟ್ಟಳು.

ಗಂಡನ ಕೆಲಸಕ್ಕೆ ಹೆಂಡತಿ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುವುದು ಸಾಮಾನ್ಯ ಸಂಗತಿಯೇ? ಸಾಹೇಬರು ಆ ದೃಶ್ಯವನ್ನು ಮತ್ತೊಮ್ಮೆ ನೋಡಬೇಕೆಂದು ಇನ್ನೊಂದು ಕಪಾಟು ಬಿಡಿಸಲು ಹೇಳಿದರು.

ಆದರೆ ಹಿರಿಯರಿಗೆ ಜ್ವರ ಬಂತು. ಪರದೆಯ ಮೂಲೆಯಲ್ಲಿ ತೋರುವ ಶಾಖದ ಅಂಕಿ ಏರುತ್ತಲೇ ಹೋಯಿತು. ಫ್ಯಾನು ವಿಮಾನ ಏಳುವ ಸದ್ದು ಮಾಡತೊಡಗಿತು. ಅತ್ತೆ ಅಂಗೈಯನ್ನು ಕ್ಯಾಬಿನೆಟ್ಟಿನ ಮೇಲಿಟ್ಟು, ತಲೆಯಾಡಿಸಿ, "ಸುಡ್ತಿದೆ. ಒದ್ದೆ ಬಟ್ಟೆ ಹಾಕ್ಬೇಕು" ಎಂದರು.

ಅದನ್ನು ಅತ್ತೆ ಅಭ್ಯಾಸಬಲದಿಂದ ಹೇಳಿದ್ದರು. ಆದರೆ ಸಾಹೇಬರ ಕಣ್ಣು ಫಳಕ್ಕೆಂದಿತು. "ನೀರು! ಅತ್ತೆ, ನೀವು ದೇವರ ಹಾಗೆ ಹೇಳಿದ್ರಿ. ನೀರು!"

ಆ ಸಂಜೆಯೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಯಲ್ಲಿ ಮಹಾಯೋಜನೆ ಮೂಡಿತು. ಗಾಜಿನ ಕ್ಯಾಬಿನೆಟ್ಟು, ಪಳಪಳ ಹೊಳೆಯುವ ಕೊಳವೆಗಳು, ಅವುಗಳೊಳಗೆ ಬಣ್ಣದ ನೀರು, ನೀರು ತಣಿಸಲು ಕಾರಿಗೆ ಇರುವಂಥ ರೇಡಿಯೇಟರು, ನೀರಿನ ಓಟಕ್ಕೆ ತಕ್ಕಂತೆ ಮಿನುಗುವ ದೀಪಗಳು. ಇದು ಎರಡನೆಯ ಹಂತ. ಮೊದಲ ಹಂತ, ಬಕೆಟ್ಟು.

ಮಂಗಳವಾರ ಆಫೀಸಿನಿಂದ ಬರುವಾಗ ಸಾಹೇಬರ ಕೈಯಲ್ಲಿ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಕಂಪ್ಯೂಟರಿನಿಂದ ಕಳಚಿಕೊಟ್ಟ ತಾಮ್ರದ ಬಿಲ್ಲೆಯಿತ್ತು. ಪ್ರೊಸೆಸರಿನ ಮೇಲೆ ಅದನ್ನು ಕೂರಿಸಿದರೆ ಒಳಗೆ ನೀರು ಸುತ್ತಿ ಶಾಖ ಹೊತ್ತೊಯ್ಯುತ್ತದೆ. ಬಗಲಲ್ಲಿ ಪಕ್ಕದ ಮನೆಯವರು ಮೀನು ಸಾಕುವುದನ್ನು ಬಿಟ್ಟ ಮೇಲೆ ಮೂಲೆಗೆಸೆದಿದ್ದ ಪಂಪು. ಹೆಗಲ ಮೇಲೆ ಮೆತ್ತನೆಯ ಪಾರದರ್ಶಕ ಪೈಪಿನ ದೊಡ್ಡ ಸುರುಳಿ.

"ಇಷ್ಟುದ್ದ ಪೈಪ್ ಯಾಕ್ರೀ? ಮುಂದಿನ ಬೀದಿ ಕಂಪ್ಯೂಟರಿಗೂ ನೀರು ಬಿಡ್ತೀರಾ?"

"ಎರಡನೇ ಹಂತಕ್ಕೆ ಬೇಕಾಗುತ್ತೆ ಕಣೇ. ಯೋಜನೆ ಅಂದ್ರೆ ದೂರದೃಷ್ಟಿ ಇರ್ಬೇಕು."

"ನನ್ನ ದೃಷ್ಟಿ ನಾಳೆ ಮಧ್ಯಾಹ್ನದವರೆಗೆ ಮಾತ್ರ ಇದೆ. ವಿನ್ಯಾಸ ಎಲ್ಲ ಮುಗೀತು, ಈಗಲೇ ವಿಡಿಯೊಗೆ ಹಚ್ಚಿ ಮಲಗ್ಲಾ? ಬೆಳಿಗ್ಗೆ ಎದ್ದಾಗ ಆಗಿರುತ್ತೆ."

"ಈಗ ಬೇಡ! ಸೋರಿಕೆ ಪರೀಕ್ಷೆ ಆಗ್ಬೇಕು. ಬೆಳಿಗ್ಗೆ ಹಚ್ಚು, ಊಟಕ್ಕೆ ಮುಂಚೆ ಮುಗಿದಿರುತ್ತೆ. ನನ್ನ ಮಾತು ನಂಬು."

ಹೆಂಡತಿ ನಂಬಿದಳು. ಮೊನ್ನೆ ಬಾಯಿಯ ಮೇಲೆ ಕೈ ಇಟ್ಟುಕೊಂಡ ತಪ್ಪಿಗೆ ನಂಬಲೇಬೇಕಾಯಿತು.

ಸೋರಿಕೆ ಪರೀಕ್ಷೆಯನ್ನು ಸಾಹೇಬರು ಲಿಫ್ಟು ತಪಾಸಣೆಯಷ್ಟೇ ಶಿಸ್ತಿನಿಂದ ಮಾಡಿದರು. ಮೇಜಿನ ಕೆಳಗೆ ನೀಲಿ ಬಕೆಟ್ಟು, ಬಕೆಟ್ಟಿನಲ್ಲಿ ಮುಳುಗಿದ ಪಂಪು, ಪಂಪಿನಿಂದ ಮೇಲೇರಿ ತಾಮ್ರದ ಬಿಲ್ಲೆಗೆ ಒಂದು ಪೈಪು, ಬಿಲ್ಲೆಯಿಂದ ವಾಪಸು ಬಕೆಟ್ಟಿಗೆ ಇನ್ನೊಂದು. ಪೈಪು ಕೂಡುವ ಪ್ರತಿಯೊಂದು ಜಾಗದಲ್ಲಿಯೂ ಕಾಗದದ ಕರವಸ್ತ್ರ. ಕಂಪ್ಯೂಟರನ್ನು ಹಚ್ಚದೆ ನೀರನ್ನು ಮಾತ್ರ ಓಡಿಸಿದರು. ಮಲಗುವ ಹೊತ್ತಿಗೆ ಕರವಸ್ತ್ರಗಳನ್ನು ಒಂದೊಂದಾಗಿ ಕೆನ್ನೆಗೆ ಒತ್ತಿಕೊಂಡು ನೋಡಿದರು. ಒಂದು ಹನಿಯೂ ಇಲ್ಲ! ಕನ್ನಡಿಯ ಮುಂದೆ ನಿಂತು ಮೀಸೆ ತಿರುವಿಕೊಂಡರು.

ಬುಧವಾರ ಸಾಹೇಬರು ರಜೆ ಹಾಕಿದ್ದರು. ಹೆಂಡತಿ ವಿಡಿಯೊ ಹಚ್ಚಿದಳು. ಫ್ಯಾನಿನ ಸದ್ದೇ ಇಲ್ಲ, ನೀರಿನ ಗುಳುಗುಳು ಮಾತ್ರ. ಶಾಖದ ಅಂಕಿ ಏರಲಿಲ್ಲ. ಪರದೆಯ ಮೇಲೆ ಹಸಿರು ಪಟ್ಟಿ ತೆವಳದೆ, ಕುಂಟದೆ, ಸಲೀಸಾಗಿ ಮುಂದೆ ಸಾಗಿತು. ಮೂವರೂ ಕುರ್ಚಿ ಎಳೆದುಕೊಂಡು ಅದನ್ನೇ ನೋಡುತ್ತ ಕೂತರು. ಬಕೆಟ್ಟಿನ ನೀರಿಗೂ ಅಡುಗೆಮನೆಯ ಚಿತ್ರಕ್ಕೂ ಸಂಬಂಧವಿದೆ ಎಂದು ಯಾರಾದರೂ ನಂಬುತ್ತಾರೆಯೇ? ಕಣ್ಣ ಮುಂದೆಯೇ ಇತ್ತು. ಅತ್ತೆ ಕೂಡ, "ಪೇಷಂಟು ಸುಧಾರಿಸಿಕೊಂಡ್ರು" ಎಂದು ಒಪ್ಪಿದರು.

ಪಟ್ಟಿ ಮುಕ್ಕಾಲು ದಾಟಿದಾಗ ಸಾಹೇಬರು ಎದ್ದುನಿಂತು, "ಇನ್ನು ಇದಕ್ಕೆ ಕಾವಲು ಬೇಡ. ಊಟ ಮಾಡಿ ಬರೋಣ" ಎಂದರು. ಸಾಹೇಬರು ಹೊರಟರು, ಹೆಂಡತಿ ಹೊರಟಳು, ಕೊನೆಗೆ ಅತ್ತೆ ಹೊರಟರು.

ಊಟದ ಮೇಜಿನ ಮೇಲೆ ಅಂದು ಬಡಿಸಿದ್ದೇನೆಂದು ಯಾರಿಗೂ ನೆನಪಿಲ್ಲ. ಸಾಹೇಬರು ಗಾಜಿನ ಕ್ಯಾಬಿನೆಟ್ಟಿನ ಬಗ್ಗೆ ಭಾಷಣ ಮಾಡುತ್ತಿದ್ದರು. ಬನಿಯನ್ನು, ಮಂಡಿಯವರೆಗೆ ಮಡಚಿದ ಹಳೆಯ ಪ್ಯಾಂಟು, ಕೈಯಲ್ಲಿ ಚಮಚ. ಹೆಂಡತಿ ಮೊದಲ ಸಲ ನೆಮ್ಮದಿಯಿಂದ ತಿನ್ನುತ್ತ, "ಕುರ್ಚಿ ಖಾಲಿ ಇಡ್ತಾನಂತೆ. ಇಟ್ಕೊಳ್ಳಲಿ, ಅದರ ಮೇಲೆ ಕಾಲು ಚಾಚ್ಕೊಳ್ಳಲಿ" ಎಂದು ನಕ್ಕಳು.

ಊಟ ಮುಗಿಸಿ ಬಂದು ನೋಡಿದರೆ ಪರದೆ ಕಪ್ಪು.

ಹೆಂಡತಿ ಒತ್ತಿದಳು. ಇಲ್ಲ. ಮತ್ತೆ ಒತ್ತಿದಳು. ಇಲ್ಲ. ಹಿರಿಯರು ಕೆಮ್ಮಲೂ ಇಲ್ಲ. ಪಂಪು ಮಾತ್ರ ತನ್ನ ಪಾಡಿಗೆ ಗುಂಯ್ ಎನ್ನುತ್ತಿತ್ತು. ಸಾಹೇಬರು ತಾಮ್ರದ ಬಿಲ್ಲೆ ಮುಟ್ಟಿ, "ಹಾ!" ಎಂದು ಬೆರಳು ಬಾಯಿಗಿಟ್ಟುಕೊಂಡರು. ಕಾದ ಹಂಚು! ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು.

"ಬಂದ್ರು" ಎಂದಳು ಹೆಂಡತಿ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಗಿಲ ಕಡೆ ಹೋಗುವಾಗ ಅವಳು ಕಪ್ಪು ಪರದೆಯತ್ತ ಒಮ್ಮೆ ತಿರುಗಿ ನೋಡಿದ್ದನ್ನು ಸಾಹೇಬರು ಕಂಡರು. ಆಗ ಅವರಿಗೆ ಗಾಜಿನ ಕ್ಯಾಬಿನೆಟ್ಟು, ದೀಪ, ರೇಡಿಯೇಟರು ಎಲ್ಲ ಮರೆತುಹೋಗಿ, ಮಾಲೀಕನ ಆ ಖಾಲಿ ಕುರ್ಚಿ ಮಾತ್ರ ಕಣ್ಣಿಗೆ ಕಟ್ಟಿತು. ಏನಾದರೂ ಮಾಡಬೇಕು, ಈಗಲೇ ಮಾಡಬೇಕು!

ಮಾಡಿದರು. ಬಿಲ್ಲೆಗೆ ಸಿಕ್ಕಿಸಿದ್ದ ಪೈಪನ್ನು ಕಿತ್ತೆಳೆದರು. ನೀರು ಬರಲಿಲ್ಲ. "ಪಂಪ್ ಓಡ್ತಿದೆ, ನೀರ್ಯಾಕೆ ಬರ್ತಿಲ್ಲ?" ಎಂದು ಪೈಪಿನ ತುದಿಯನ್ನು ಒಂದು ಕಣ್ಣಿಗೆ ಹಿಡಿದು, ಇನ್ನೊಂದು ಕಣ್ಣು ಮುಚ್ಚಿ, ಒಳಗೆ ಇಣುಕಿದರು.

"ಅಯ್ಯೋ, ಕ್ಲಿಪ್ಪು!" ಎಂದರು ಅತ್ತೆ ಮೇಜಿನ ಹಿಂದಿನಿಂದ. "ಊಟಕ್ಕೆ ಹೋಗುವಾಗ ನಾನೇ ಮಡಚಿ ಹಾಕಿದ್ದೆ. ಹಾಸಿಗೆ ಪಕ್ಕ ಯಾರೂ ಇಲ್ಲದಾಗ ಟ್ಯೂಬು ತೆರೆದಿಟ್ಟು ಹೋಗೋ ಪದ್ಧತಿ ನಮ್ಮ ವಾರ್ಡಲ್ಲಿ ಇರಲಿಲ್ಲ. ತಡೀರಿ, ತೆಗೀತೀನಿ."

"ಅತ್ತೆ, ಬೇ..."

ತೆಗೆದರು. ಅತ್ತೆ ಹೇಳಿದ ಕೆಲಸ ಯಾವತ್ತೂ ತಡ ಮಾಡಿದವರಲ್ಲ.

ತಡೆದಿಟ್ಟಿದ್ದ ನೀರು ನೇರವಾಗಿ ಸಾಹೇಬರ ಕಣ್ಣಿಗೆ, ಮೂಗಿಗೆ, ಮೀಸೆಗೆ ನುಗ್ಗಿತು. ಅವರು ಬೆಚ್ಚಿಬಿದ್ದು ಪೈಪು ಬಿಟ್ಟರು. ಪೈಪು ಮೇಜಿನಿಂದ ಜಾರಿ ಗೋಡೆಗೆ, ಕರವಸ್ತ್ರಗಳಿಗೆ, ಕ್ಯಾಬಿನೆಟ್ಟಿಗೆ ಯಾವ ಭೇದವೂ ಇಲ್ಲದೆ ನೀರೆರಚಿತು. ಸಾಹೇಬರು ಅದನ್ನು ಹಿಡಿಯಲು ಹೋಗಿ ಬಕೆಟ್ಟು ಒದ್ದರು. ನೀರು ಹಜಾರದ ತುಂಬ ಹರಡಿ ಬಾಗಿಲವರೆಗೆ ಹೋಗಿ, ಆಗಷ್ಟೇ ಒಳಗೆ ಕಾಲಿಟ್ಟ ಡ್ರೈವಿಂಗ್ ಮೇಡಂ ಅವರ ಬೂಟುಗಳನ್ನು ಮುಟ್ಟಿ ನಿಂತಿತು.

ಹೆಂಡತಿ ಓಡಿ ಹೋಗಿ ಗೋಡೆಯ ಮೇನ್ ಸ್ವಿಚ್ಚು ಆರಿಸಿದಳು. ಪಂಪು ಸುಮ್ಮನಾಯಿತು.

"ನೀರಿನ ಕೆಲಸ ನಡೀತಿದೆಯಾ?" ಎಂದರು ಮೇಡಂ, ಬೂಟು ಎತ್ತಿಡುತ್ತ. "ಎಲ್ಲಿ ನನ್ನ ಅಡುಗೆಮನೆ? ತೋರಿಸಿ. ನಂಗೆ ನಾಲ್ಕು ಗಂಟೆಗೆ ಕ್ಲಾಸಿದೆ."

ಹೆಂಡತಿ ಕಪ್ಪು ಪರದೆ ನೋಡಿದಳು. ಒದ್ದೆ ಗಂಡನನ್ನು ನೋಡಿದಳು. ನೆಲದ ಮೇಲೆ ಬಿದ್ದಿದ್ದ ಪೈಪಿನ ಸುರುಳಿ ನೋಡಿದಳು. ಅದನ್ನೇ ನೋಡುತ್ತ ಒಂದು ಗಳಿಗೆ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ವಿಡಿಯೊದಲ್ಲಿ ನೋಡೋದು ಬೇಡ ಮೇಡಂ. ಒಳಗೇ ನಡೀರಿ."

ಸುರುಳಿ ಬಿಚ್ಚಿ ನೆಲಕ್ಕೆ ಎಳೆದಳು. "ರೀ" ಎನ್ನಲಿಲ್ಲ, ಬರೀ ಕೈ ತೋರಿಸಿದಳು. ಸಾಹೇಬರು ಪೈಪಿನ ತುದಿ ಹಿಡಿದು ಓಡಿದರು. "ಅಲ್ಲಿ ಹಿಡೀರಿ. ಇನ್ನೂ ಆಚೆ. ಹಾ." ಅಳತೆಪಟ್ಟಿ ಹಿಡಿದು ಅಳೆದಳು, ಪೈಪು ಬಗ್ಗಿಸಿದಳು, ಮೂಲೆಗೆ ಪುಸ್ತಕ ಹೇರಿದಳು. ನೋಡನೋಡುತ್ತ ಹಜಾರದ ನೆಲದ ಮೇಲೆ ನಿಜವಾದ ಅಳತೆಯ ಗೋಡೆ ಬಂತು, ಬಾಗಿಲು ಬಂತು, ಕಿಟಕಿ ಬಂತು, ಕಟ್ಟೆ ಬಂತು. ನೀಲಿ ಬಕೆಟ್ಟು ಪಾತ್ರೆ ತೊಳೆಯುವ ಸಿಂಕಾಯಿತು. ಊಟದ ಕುರ್ಚಿಗಳು ಕಪಾಟಾದವು. ಕಂಪ್ಯೂಟರಿನ ಕ್ಯಾಬಿನೆಟ್ಟು ಹಿರಿಯರ ಸಮೇತ ಫ್ರಿಜ್ಜಾಗಿ ನಿಂತಿತು.

ಮೇಡಂ ಪೈಪಿನ ಬಾಗಿಲಿನಿಂದ ಒಳಗೆ ಬಂದರು. ಮೊದಲು ಅನುಮಾನದಿಂದ, ಆಮೇಲೆ ಸರಸರ ಓಡಾಡಿದರು. ಇಲ್ಲದ ಒಲೆಯ ಮೇಲಿನ ಇಲ್ಲದ ಪಾತ್ರೆ ಎತ್ತಿ, ಗಿರಕಿ ಹೊಡೆದು ಬಕೆಟ್ಟಿನತ್ತ ತಿರುಗಿದರು.

"ಇಲ್ಲಿ ಟರ್ನಿಂಗ್ ಸರಿಯಿದೆ. ಇಲ್ಲಿ ರಿವರ್ಸ್ ಬಂದ್ರೆ? ನೋಡಿ, ಫ್ರಿಜ್ ಬಾಗಿಲು ತೆಗೆದ್ರೆ ಹಿಂದೆ ಬರೋರಿಗೆ ಗುದ್ದುತ್ತೆ! ಆಕ್ಸಿಡೆಂಟ್ ಜಾಗ ಇದು."

ಹೆಂಡತಿ ಅಲ್ಲಿಗೆ ಹೋಗಿ ನಿಂತು, ಕೈಯಿಂದ ಇಲ್ಲದ ಬಾಗಿಲು ತೆಗೆದು, ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. "ಹೌದು ಮೇಡಂ. ಸ್ಕ್ರೀನ್ ಮೇಲೆ ಇದು ನಂಗೇ ಗೊತ್ತಾಗಿರಲಿಲ್ಲ. ಫ್ರಿಜ್ಜನ್ನ ಕಿಟಕಿ ಕಡೆಗೆ ತಗೊಂಡು, ಕಟ್ಟೇನ ಈ ಕಡೆ ಬಗ್ಗಿಸೋಣ." ಸಾಹೇಬರು ಹಿರಿಯರನ್ನು ಎತ್ತಿಕೊಂಡು ಕಿಟಕಿಯ ಬಳಿ ಇಳಿಸಿದರು. "ಇಲ್ಲಪ್ಪ, ಇನ್ನೂ ಸ್ವಲ್ಪ ಎಡಕ್ಕೆ. ನಿಧಾನ. ಬ್ರೇಕ್!" ಎಂದರು ಮೇಡಂ. ಸಾಹೇಬರು ಬ್ರೇಕ್ ಹಾಕಿದರು.

ಎಡಕ್ಕೆ, ಬಲಕ್ಕೆ ಓಡಾಡುತ್ತಲೇ ಸಾಹೇಬರು ಹೆಂಡತಿಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಒಂದು ಪೈಪು, ಒಂದು ಬಕೆಟ್ಟು, ಒಂದು ಅಳತೆಪಟ್ಟಿಯಲ್ಲಿ ಅವಳು ಆ ಒದ್ದೆ ನೆಲದ ಮೇಲೆ ಬದುಕುವಂಥ ಕೋಣೆಯನ್ನೇ ಎಬ್ಬಿಸಿ ನಿಲ್ಲಿಸಿದ್ದಳು. ಅಲ್ಲಿ ಕಿಟಕಿಯಿಂದ ಬೆಳಕು ಬೀಳುವುದೂ ಅವರಿಗೆ ಕಾಣುತ್ತಿತ್ತು. ಬಿಸ್ಕತ್ತಿನಷ್ಟಗಲದ ಆ ಲೋಹದ ತುಂಡಿನ ಮುಂದೆ ಮೈ ಜುಮ್ಮೆಂದಿತ್ತಲ್ಲ, ಅದರ ಎರಡರಷ್ಟು ಈಗ ಜುಮ್ಮೆಂದಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇವಳ ಮುಚ್ಚಳ ತೆಗೆದು ನಾನು ನೋಡಿಯೇ ಇಲ್ಲವಲ್ಲ ಎಂದುಕೊಂಡರು.

"ಹಿಡೀರಿ ಕೆಲಸ" ಎಂದರು ಮೇಡಂ ಕೊನೆಗೆ. "ಇದು ನನ್ನ ಅಡುಗೆಮನೆ. ನನಗೆ ಗೊತ್ತಾಯ್ತು. ಬರೀ ಇದಲ್ಲ, ನನ್ನ ಇಡೀ ಮನೆ ನೀವೇ ಮಾಡಿ."

ಹೆಂಡತಿ ಅಳತೆಪಟ್ಟಿಯನ್ನು ಎದೆಗೆ ಅವಚಿಕೊಂಡಳು. ಅತ್ತೆ ಮೂಲೆಯಲ್ಲಿ ಕೈಯಲ್ಲಿದ್ದ ಕ್ಲಿಪ್ಪಿನಿಂದಲೇ ಕಣ್ಣೊರೆಸಿಕೊಳ್ಳಲು ಹೋಗಿ ಮೂಗು ಚುಚ್ಚಿಕೊಂಡರು. ಸಾಹೇಬರು ನೆಲ ಒರೆಸುವ ಬಟ್ಟೆ ಹಿಡಿದುಕೊಂಡೇ, ಹಲ್ಲೆಲ್ಲ ಕಾಣುವಂತೆ ನಗುತ್ತ ಮುಂದೆ ಬಂದರು. ತಮ್ಮ ಪೈಪಿನ ದೂರದೃಷ್ಟಿಯ ಬಗ್ಗೆ ಎರಡು ಮಾತು ಹೇಳಬೇಕೆಂದು ಗಂಟಲನ್ನೂ ಸರಿಮಾಡಿಕೊಂಡರು.

ಮೇಡಂ ಬಾಗಿಲಲ್ಲಿ ನಿಂತು, ಬನಿಯನ್ನಿನಿಂದ ನೀರು ಸುರಿಯುತ್ತಿದ್ದ ಅವರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಹೆಂಡತಿಯ ಕಿವಿಯ ಹತ್ತಿರ ಬಗ್ಗಿದರು. ಆದರೆ ಜೀವನವೆಲ್ಲ ಕಾರಿನೊಳಗೆ ಕೂಗಿ ಕೂಗಿ ಅಭ್ಯಾಸವಾದ ಅವರ ಪಿಸುಮಾತು ಬೀದಿಗೇ ಕೇಳಿಸಿತು.

"ಒಂದು ಮಾತ್ರ ಹೇಳಿಬಿಡ್ತೀನಿ. ನಮ್ಮನೆ ಕೆಲಸಕ್ಕೆ ಈ ಪ್ಲಂಬರನ್ನ ಕರ್ಕೊಂಡು ಬರಬೇಡಿ."

ಹೆಂಡತಿ ಗಂಡನ ಕಡೆ ತಿರುಗಿದಳು. ಮೀಸೆಯ ತುದಿಯಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು.

"ಇಲ್ಲ ಮೇಡಂ, ಯೋಚನೆ ಮಾಡಬೇಡಿ" ಎಂದಳು. "ಇವರು ಹೊರಗಡೆ ಕೆಲಸ ಒಪ್ಪಿಕೊಳ್ಳಲ್ಲ. ನಮ್ಮನೆಗೆ ಮಾತ್ರ."